ಸುಳಿವು ಹುಡುಕುವ ಕಣ್ಣು

2019ರ ಮೇ ತಿಂಗಳ ಮೊದಲ ವಾರದಲ್ಲಿ ಒಂದು ಕಾಫಿ ಲೋಟ ಜಗತ್ತಿನಾದ್ಯಂತ ಸುದ್ದಿಯಾಯಿತು. ಅಮೆರಿಕದ ಎಚ್‌ಬಿಒ ವಾಹಿನಿಯ ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿ ಆಗ ಕೊನೆಯ ಕಂತುಗಳಿಗೆ ಬಂದಿತ್ತು. ಕತ್ತಿ, ಗುರಾಣಿ, ಕೋಟೆಗಳ ಕಾಲದ ಕಲ್ಪಿತ ಕಥೆ ಅದು. ಯುದ್ಧ ಮುಗಿದ ಮೇಲಿನ ಔತಣಕೂಟದ ದೃಶ್ಯದಲ್ಲಿ ರಾಣಿಯ ಮುಂದಿನ ಮೇಜಿನ ಮೇಲೆ, ಹಳೆಯ ಕಾಲದ ಪಾನಪಾತ್ರೆಗಳ ನಡುವೆ, ಇಂದಿನ ಕಾಫಿ ಅಂಗಡಿಗಳಲ್ಲಿ ಕೊಡುವಂಥ ಮುಚ್ಚಳ ಹಾಕಿದ ಕಾಗದದ ಲೋಟವೊಂದು ಕೆಲವು ಕ್ಷಣ ಕಾಣಿಸಿಕೊಂಡಿತು.

ಕೋಟ್ಯಂತರ ರೂಪಾಯಿ ಸುರಿದು ತೆಗೆದ ಧಾರಾವಾಹಿಯಲ್ಲಿ ನೂರಾರು ತಂತ್ರಜ್ಞರ ಕಣ್ಣಿಗೆ ಬೀಳದ ಆ ಲೋಟ ವೀಕ್ಷಕರ ಕಣ್ಣಿಗೆ ಬಿತ್ತು. ಅವರು ವರ್ಷಗಳಿಂದ ಆ ಧಾರಾವಾಹಿಯ ಒಂದೊಂದು ವಸ್ತುವನ್ನೂ ಭೂತಗನ್ನಡಿ ಹಿಡಿದಂತೆ ನೋಡುತ್ತ ಬಂದಿದ್ದರು. ಯಾವ ಕತ್ತಿಯ ಹಿಡಿ ಯಾವ ವಂಶದ್ದು, ಬಾವುಟದ ಮೇಲಿನ ಪ್ರಾಣಿ ಯಾರ ಸಾವನ್ನು ಸೂಚಿಸುತ್ತದೆ ಎಂದು ಲೆಕ್ಕ ಹಾಕುವುದು ಅಭಿಮಾನಿಗಳ ನಿತ್ಯದ ಕೆಲಸವಾಗಿತ್ತು. ಲೋಟದ ವಿಷಯದಲ್ಲಿ ಮಾತ್ರ ಯಾವ ಗೂಢಾರ್ಥವೂ ಇರಲಿಲ್ಲ. ಚಿತ್ರೀಕರಣದ ವೇಳೆ ಯಾರೋ ಅಲ್ಲಿ ಮರೆತು ಬಿಟ್ಟಿದ್ದ ಲೋಟ ಅದು. ವಾಹಿನಿ ತಪ್ಪೊಪ್ಪಿಕೊಂಡಿತು, ರಾಣಿ ಕೇಳಿದ್ದು ಗಿಡಮೂಲಿಕೆಯ ಚಹಾ ಎಂದು ತಮಾಷೆಯನ್ನೂ ಮಾಡಿತು. ಒಂದೆರಡು ದಿನಗಳಲ್ಲಿ ಕಂಪ್ಯೂಟರ್ ನೆರವಿನಿಂದ ಆ ಲೋಟವನ್ನು ದೃಶ್ಯದಿಂದ ಅಳಿಸಲಾಯಿತು.

ಕಾಫಿ ತೋಟಗಳ ನಾಡಾದ ಸಕಲೇಶಪುರ, ಆಲೂರಿನ ಗುಡ್ಡಗಳಿಗೂ ಈ ಲೋಟಕ್ಕೂ ಸಂಬಂಧ ಕಲ್ಪಿಸುವುದು ಮೇಲ್ನೋಟಕ್ಕೆ ವಿಚಿತ್ರವೆನಿಸಬಹುದು. ಆದರೆ ಕಣ್ಣೆದುರಿನ ವಸ್ತುವನ್ನು ಯಾರೋ ಬೇಕೆಂದೇ ಅಲ್ಲಿಟ್ಟಿದ್ದಾರೆ, ಅದರಲ್ಲೊಂದು ಗುಟ್ಟಿದೆ ಎಂದು ನಂಬುವ ಮನಸ್ಸು ಟಿ.ವಿ. ಬರುವುದಕ್ಕೆ ಬಹಳ ಮೊದಲೇ ಇತ್ತು. ಈ ಗುಡ್ಡಗಳಲ್ಲಿಯೂ ಇತ್ತು. ಅದರಿಂದ ಒಳ್ಳೆಯ ಕಥೆಗಳು ಹುಟ್ಟಿವೆ. ಮತ್ತೆ ಸರಿಪಡಿಸಲಾಗದ ಹಾನಿಯೂ ಆಗಿದೆ.

ಗೋಡೆಯ ಮೇಲಿನ ಬಂದೂಕು

ನಾಟಕದವರು, ಸಿನಿಮಾದವರು ‘ಪ್ರಾಪರ್ಟಿ’ ಎಂದು ಕರೆಯುವ ಪರಿಕರಗಳಿಗೆ ಒಂದು ಹಳೆಯ ನಿಯಮವಿದೆ. ರಷ್ಯಾದ ನಾಟಕಕಾರ ಆಂಟನ್ ಚೆಕಾಫ್ 1889ರ ಪತ್ರವೊಂದರಲ್ಲಿ ಅದನ್ನು ಹೇಳಿದ್ದ. ರಂಗದ ಮೇಲೆ ಬಂದೂಕನ್ನು ತಂದಿಟ್ಟರೆ ಅದು ಮುಂದೆ ಸಿಡಿಯಲೇಬೇಕು, ಸಿಡಿಯದಿದ್ದರೆ ಅಲ್ಲಿಡಬಾರದು ಎಂಬುದು ಅದರ ಸಾರಾಂಶ. ಈ ನಿಯಮ ಬರೆಯುವವರಿಗೆ ಹೇಳಿದ್ದು. ಪ್ರೇಕ್ಷಕರು ಮಾತ್ರ ಇದನ್ನು ತಿರುಗಿಸಿಕೊಂಡರು. ಬಂದೂಕು ಕಂಡಿತೇ, ಹಾಗಾದರೆ ಅದು ಸಿಡಿಯುತ್ತದೆ ಎಂದು ಮೊದಲೇ ಕಾಯತೊಡಗಿದರು.

ಪತ್ತೇದಾರಿ ಕಥೆ ಈ ಅಭ್ಯಾಸವನ್ನು ಇನ್ನಷ್ಟು ಬೆಳೆಸಿತು. 1892ರಲ್ಲಿ ಪ್ರಕಟವಾದ ಆರ್ಥರ್ ಕಾನನ್ ಡಾಯ್ಲ್‌ನ ಕಥೆಯೊಂದರಲ್ಲಿ ಷರ್ಲಾಕ್ ಹೋಮ್ಸ್‌ಗೆ ಸಿಗುವ ಮುಖ್ಯ ಸುಳಿವು ರಾತ್ರಿ ನಾಯಿ ಬೊಗಳಲಿಲ್ಲ ಎಂಬುದು. ಅಂದರೆ ಇರುವ ವಸ್ತು ಮಾತ್ರವಲ್ಲ, ಇಲ್ಲದ ಸದ್ದು ಕೂಡ ಸುಳಿವಾಗಬಹುದು ಎಂದಾಯಿತು. ಕನ್ನಡದಲ್ಲಿ ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮ’ನನ್ನು ಓದಿ ಬೆಳೆದ ಒಂದು ಇಡೀ ತಲೆಮಾರಿಗೆ ಸಿಗರೇಟಿನ ತುಂಡು, ಕೆಸರಿನ ಹೆಜ್ಜೆ, ಒಡೆದ ಗಡಿಯಾರ ಇವುಗಳ ಮೇಲೆ ಗುಮಾನಿ ಪಡುವುದು ರೂಢಿಯಾಗಿಬಿಟ್ಟಿತು.

ಬೆಂಗಳೂರು ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು ಆರಂಭವಾಯಿತು. 1985ರಲ್ಲಿ ಹಿಂದಿಯ ‘ಕರಮ್‌ಚಂದ್’ ಬಂತು. ಪಂಕಜ್ ಕಪೂರ್ ಪಾತ್ರ ವಹಿಸಿದ ಆ ಪತ್ತೇದಾರನ ಕೈಯಲ್ಲಿ ಸದಾ ಒಂದು ಕ್ಯಾರೆಟ್. ಅದು ಯಾವ ಕೊಲೆಗೂ ಸುಳಿವಲ್ಲ, ಆ ಮನುಷ್ಯನ ಗುರುತು ಅಷ್ಟೆ. 1993ರಲ್ಲಿ ‘ಬ್ಯೋಮ್‌ಕೇಶ್ ಬಕ್ಷಿ’ ಬಂತು. ಆದರೆ ಆಗ ಮಲೆನಾಡಿನ ಕಣಿವೆಗಳಲ್ಲಿ ಟಿ.ವಿ. ನೋಡುವುದೇ ಒಂದು ಸಾಹಸ. ಎತ್ತರದ ಕಂಬಕ್ಕೋ ಮರಕ್ಕೋ ಆಂಟೆನಾ ಕಟ್ಟಿ, ಒಬ್ಬರು ಹೊರಗೆ ನಿಂತು ತಿರುಗಿಸಿ, ಇನ್ನೊಬ್ಬರು ಒಳಗಿನಿಂದ ‘ಬಂತು, ಹೋಯ್ತು’ ಎಂದು ಕೂಗಬೇಕಿತ್ತು. ತೆರೆಯ ಮೇಲೆ ಇರುವೆ ಹರಿದಾಡಿದಂತೆ ಕಾಣುವ ಚಿತ್ರದಲ್ಲಿ ಮೇಜಿನ ಮೇಲೆ ಏನಿದೆ ಎಂದು ನೋಡುವುದು ಹೇಗೆ? ವಾರಕ್ಕೊಮ್ಮೆ ಬಂದು ಹೋದ ಕಂತನ್ನು ಮತ್ತೆ ನೋಡುವ ದಾರಿಯೂ ಇರಲಿಲ್ಲ. ಊಹೆಗಳೆಲ್ಲ ನೆನಪಿನ ಆಧಾರದ ಮೇಲೆಯೇ ನಡೆಯಬೇಕಿತ್ತು.

ಈ ಸ್ಥಿತಿಯನ್ನು ಬದಲಿಸಿದ್ದು ವಿಡಿಯೋ ಟೇಪು. 1980ರಲ್ಲಿ ಅಮೆರಿಕದ ‘ಡಲಾಸ್’ ಧಾರಾವಾಹಿಯಲ್ಲಿ ಮುಖ್ಯ ಪಾತ್ರಕ್ಕೆ ಗುಂಡು ಹೊಡೆದವರು ಯಾರೆಂದು ಜಗತ್ತು ಎಂಟು ತಿಂಗಳು ಕಾದು ಕುಳಿತಿತು. ಹತ್ತು ವರ್ಷಗಳ ನಂತರ, 1990ರಲ್ಲಿ ‘ಟ್ವಿನ್ ಪೀಕ್ಸ್’ ಬರುವ ಹೊತ್ತಿಗೆ ವೀಕ್ಷಕರು ಕೇವಲ ಕಾಯುತ್ತಿರಲಿಲ್ಲ. ಕಂತುಗಳನ್ನು ಟೇಪಿನಲ್ಲಿ ಹಿಡಿದಿಟ್ಟು, ನಿಲ್ಲಿಸಿ, ಹಿಂದಕ್ಕೋಡಿಸಿ ಪರೀಕ್ಷಿಸುತ್ತಿದ್ದರು. ಆ ಧಾರಾವಾಹಿಯ ಒಂದು ಪ್ರಸಂಗ ಸ್ವಾರಸ್ಯಕರವಾಗಿದೆ. ಸೆಟ್ಟಿನಲ್ಲಿ ಪೀಠೋಪಕರಣ, ಪರಿಕರಗಳನ್ನು ಜೋಡಿಸುವ ಕೆಲಸದಲ್ಲಿದ್ದ ಫ್ರಾಂಕ್ ಸಿಲ್ವಾ ಎಂಬಾತನ ಪ್ರತಿಬಿಂಬ ಒಂದು ದೃಶ್ಯದ ಕನ್ನಡಿಯಲ್ಲಿ ಅಕಸ್ಮಾತ್ತಾಗಿ ಸೆರೆಯಾಯಿತು. ನಿರ್ದೇಶಕ ಡೇವಿಡ್ ಲಿಂಚ್ ಅದನ್ನು ತೆಗೆದುಹಾಕಲಿಲ್ಲ. ಆತನನ್ನೇ ಕಥೆಯ ದುಷ್ಟಶಕ್ತಿಯನ್ನಾಗಿ ಮಾಡಿದ. ಕಾಫಿ ಲೋಟದ ತಪ್ಪು ತಪ್ಪಾಗಿಯೇ ಉಳಿಯಿತು. ಕನ್ನಡಿಯ ತಪ್ಪು ಸುಳಿವಾಗಿ ಬಡ್ತಿ ಪಡೆಯಿತು. ಹೊರಗಿನಿಂದ ನೋಡುವವರಿಗೆ ಇವೆರಡರ ವ್ಯತ್ಯಾಸ ತಿಳಿಯುವುದು ಸಾಧ್ಯವಿಲ್ಲ.

ಧಾರಾವಾಹಿಗೆ ಒಬ್ಬ ಕರ್ತೃವಿರುತ್ತಾನೆ, ಆದ್ದರಿಂದ ಅಲ್ಲಿ ಸುಳಿವು ಹುಡುಕುವುದಕ್ಕೆ ಅರ್ಥವಿದೆ. ಹುಡುಕಿದ್ದು ಸುಳ್ಳಾದರೂ ನಷ್ಟವಿಲ್ಲ. ಅದೇ ಕಣ್ಣು ನಿಜಜೀವನದ ಕಡೆಗೆ ತಿರುಗಿದಾಗ ಏನಾಗುತ್ತದೆ? ಈ ಪ್ರಶ್ನೆಯನ್ನು ಕನ್ನಡದಲ್ಲಿ ಬಹಳ ಚೆನ್ನಾಗಿ ಎತ್ತಿದ ಕೃತಿ ಹುಟ್ಟಿದ್ದು ಸಕಲೇಶಪುರಕ್ಕೆ ಹೊಂದಿಕೊಂಡಂತಿರುವ ಮೂಡಿಗೆರೆಯ ಕಾಡಂಚಿನಲ್ಲಿ.

ಕೇಸರೂರಿನ ರಹಸ್ಯ

ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ ಕಾದಂಬರಿ ಪ್ರಕಟವಾದದ್ದು 1985ರಲ್ಲಿ. 1987ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮುಂದೆ ಗಿರೀಶ ಕಾರ್ನಾಡರು ಅದನ್ನು ದೂರದರ್ಶನಕ್ಕಾಗಿ ಕಿರುತೆರೆಗೆ ತಂದರು. ಮಲೆನಾಡಿನ ಕೇಸರೂರು ಎಂಬ ಕಲ್ಪಿತ ಊರು. ಏಲಕ್ಕಿ ಇಳುವರಿ ಏಕೆ ಕುಸಿಯುತ್ತಿದೆ ಎಂಬುದನ್ನು ಪತ್ತೆ ಮಾಡಲು ಅಂಗಡಿ ಎಂಬ ಗುಪ್ತಚರ ಅಧಿಕಾರಿ ಅಲ್ಲಿಗೆ ಬರುತ್ತಾನೆ. ಏಲಕ್ಕಿ ಸಂಶೋಧನೆಯಲ್ಲಿದ್ದ ವಿಜ್ಞಾನಿಯೊಬ್ಬನ ಸಾವಿನ ಮೇಲೂ ಅನುಮಾನದ ನೆರಳಿದೆ. ಕಥೆ ಪತ್ತೇದಾರಿ ಕಾದಂಬರಿಯ ಹಾಗೆಯೇ ಶುರುವಾಗುತ್ತದೆ.

ಆದರೆ ಓದುಗ ನಿರೀಕ್ಷಿಸುವ ಹಾಗೆ ಅದು ಮುಗಿಯುವುದಿಲ್ಲ. ಊರಿನ ಪ್ರತಿಯೊಬ್ಬರೂ ಪ್ರತಿಯೊಂದರಲ್ಲೂ ಏನೋ ಸಂಚು ಕಾಣುತ್ತಾರೆ. ಒಬ್ಬರ ನಡೆ ಇನ್ನೊಬ್ಬರಿಗೆ ಗುಮಾನಿ. ಈ ಗುಮಾನಿಗಳ ಗದ್ದಲದಲ್ಲಿ ಎಲ್ಲರ ಕಣ್ಣೆದುರಿಗೇ ಬೆಳೆಯುತ್ತಿರುವ ಜಾತಿ, ಕೋಮುಗಳ ದ್ವೇಷ ಯಾರಿಗೂ ದೊಡ್ಡದಾಗಿ ಕಾಣುವುದಿಲ್ಲ. ಕೊನೆಯಲ್ಲಿ ಊರನ್ನು ಆವರಿಸುವ ಬೆಂಕಿಗೆ ಯಾವ ರಹಸ್ಯ ಕರ್ತೃವೂ ಬೇಕಿರಲಿಲ್ಲ.

ಕಾದಂಬರಿಯ ಹೆಸರಿನಲ್ಲಿಯೇ ಈ ಮಾತಿದೆ. ತಮಿಳುನಾಡಿನ ಚಿದಂಬರದ ದೇವಾಲಯದಲ್ಲಿ ನಟರಾಜನ ಪಕ್ಕದಲ್ಲಿ ಒಂದು ಪರದೆ ಇದೆ. ಅದನ್ನು ಸರಿಸಿದರೆ ಒಳಗೆ ವಿಗ್ರಹವಿಲ್ಲ. ಚಿನ್ನದ ಬಿಲ್ವಪತ್ರೆಯ ಮಾಲೆಗಳು ಇಳಿಬಿದ್ದಿರುವ ಖಾಲಿ ಜಾಗ ಮಾತ್ರ. ಭಕ್ತರು ಅದನ್ನು ಆಕಾಶತತ್ತ್ವವೆಂದು ಪೂಜಿಸುತ್ತಾರೆ. ಆಡುಮಾತಿನಲ್ಲಿ ಮಾತ್ರ ‘ಚಿದಂಬರ ರಹಸ್ಯ’ ಎಂದರೆ ಬಿಡಿಸಲಾಗದ ಗುಟ್ಟು ಎಂಬ ಅರ್ಥ ನಿಂತಿದೆ. ಪರದೆಯ ಹಿಂದೆ ಏನೋ ಇದೆ ಎಂದು ನಂಬಿದವನಿಗೆ ಖಾಲಿ ಜಾಗ ಕಾಣುವುದು ಕಷ್ಟ.

ಎಲೆಯ ಮೇಲೆ ಬರೆದದ್ದು

ಕೇಸರೂರು ಕಲ್ಪಿತ, ಏಲಕ್ಕಿಯ ಸಮಸ್ಯೆ ಕಲ್ಪಿತವಲ್ಲ. ಪಶ್ಚಿಮ ಘಟ್ಟದ ನೆರಳು, ತೇವ, ಮಂಜುಗಳ ನಡುವೆ ತಾನಾಗಿಯೇ ಬೆಳೆದ ಗಿಡ ಏಲಕ್ಕಿ. ಸಕಲೇಶಪುರದ ಮಲೆಗಳಲ್ಲಿ ಅದನ್ನು ಕಾಡಿನ ನೆರಳಿನಲ್ಲಿಯೇ ಬೆಳೆಯುತ್ತಿದ್ದರು. ಈ ಗಿಡವನ್ನು ಬಹುಕಾಲದಿಂದ ಕಾಡಿದ ರೋಗಕ್ಕೆ ‘ಕಟ್ಟೆ’ ಎಂಬ ಕನ್ನಡದ ಹೆಸರೇ ವಿಜ್ಞಾನದ ಪುಸ್ತಕಗಳಲ್ಲಿ ನಿಂತಿದೆ. ಎಳೆಯ ಎಲೆಯ ಮೇಲೆ ನರಗಳ ಗುಂಟ ತಿಳಿಹಸಿರಿನ ಗೆರೆಗಳು ಮೂಡುತ್ತವೆ. ವರ್ಷ ಕಳೆದಂತೆ ಹಿಂಡಿಲು ಸೊರಗುತ್ತದೆ, ಕಾಯಿ ಕಡಿಮೆಯಾಗುತ್ತದೆ, ಗಿಡ ಕುಗ್ಗಿ ಸಾಯುತ್ತದೆ.

ಇದು ಸಸ್ಯಹೇನಿನ ಮೂಲಕ ಹರಡುವ ವೈರಸ್ ರೋಗ ಎಂಬುದು 1945ರಲ್ಲಿ ಖಚಿತವಾಯಿತು. ಆ ಹೇನು ಕೂರುವುದು ಬಿಸಿಲಿಗೆ ಕಾಣುವ ಜಾಗದಲ್ಲಲ್ಲ, ಎಲೆಯ ಬುಡ ಕಾಂಡವನ್ನು ಸುತ್ತಿಕೊಂಡಿರುವ ಹೊದಿಕೆಯ ಒಳಗೆ. ಬೀಜದಿಂದ ಈ ರೋಗ ಬರುವುದಿಲ್ಲ. ಆದರೆ ರೋಗದ ಹಿಂಡಿಲಿನಿಂದ ಕಂದು ಕಿತ್ತು ಬೇರೆ ಕಡೆ ನೆಟ್ಟರೆ ರೋಗವೂ ಜೊತೆಗೆ ಹೋಗುತ್ತದೆ. ಅಂದರೆ ಪಕ್ಕದ ತೋಟದಿಂದ ಪ್ರೀತಿಯಿಂದ ತಂದ ಒಂದು ಹೊರೆ ಕಂದು ತೋಟಕ್ಕೆ ಕಂಟಕವಾಗಬಹುದು. ಇದರಲ್ಲಿ ವೈರಿಯ ಕೈವಾಡವಿಲ್ಲ, ಮಾಟಮಂತ್ರವೂ ಇಲ್ಲ.

ಕರ್ನಾಟಕದ ಏಲಕ್ಕಿ ತೋಟಗಳನ್ನು ಕಾಡುವ ಇನ್ನೊಂದು ವೈರಸ್ ರೋಗದ ಹೆಸರು ‘ಕೊಕ್ಕೆ ಕಂದು’. ಹೊಸ ಎಲೆ ಹಳೆಯ ಎಲೆಯೊಳಗೆ ಸಿಕ್ಕಿಕೊಂಡು ಕಂದು ಕೊಕ್ಕೆಯಂತೆ ಬಾಗುವುದರಿಂದ ಈ ಹೆಸರು. ರೋಗದ ಲಕ್ಷಣವೇ ಹೆಸರಾಗಿದೆ. ದಿನವೂ ಗಿಡ ನೋಡುವವರು ಮಾತ್ರ ಇಡಬಲ್ಲ ಹೆಸರು. ಎರಡಕ್ಕೂ ಔಷಧಿಯಿಲ್ಲ. ರೋಗದ ಗಿಡವನ್ನು ಬೇಗ ಗುರುತಿಸಿ, ಬುಡಸಹಿತ ಕಿತ್ತು ನಾಶಮಾಡಿ, ಆರೋಗ್ಯದ ಸಸಿಗಳನ್ನು ನೆಡುವುದೇ ದಾರಿ. ಸಕಲೇಶಪುರದಿಂದ ಮಂಗಳೂರಿನ ಕಡೆಗೆ ಹೋಗುವ ಹಾದಿಯಲ್ಲಿರುವ ದೋಣಿಗಾಲ್‌ನಲ್ಲಿ ಸಾಂಬಾರ ಮಂಡಳಿಗೆ ಸೇರಿದ ಭಾರತೀಯ ಏಲಕ್ಕಿ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಏಲಕ್ಕಿಯ ಗುಟ್ಟನ್ನು ಬಿಡಿಸುವ ಕೆಲಸ ನಡೆಯುವುದು ಇಂಥ ಕಡೆ, ಸದ್ದಿಲ್ಲದೆ, ವರ್ಷಗಟ್ಟಲೆ.

ರೋಗವೊಂದೇ ಕಾರಣವೂ ಅಲ್ಲ. ಕಾಡಿನ ನೆರಳು ಕಡಿಮೆಯಾದದ್ದು, ಮಳೆ ಕೈಕೊಟ್ಟ ವರ್ಷಗಳು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಏಲಕ್ಕಿ ಕೃಷಿ ಕಾಲಿಟ್ಟ ಮಧ್ಯ ಅಮೆರಿಕದ ಗ್ವಾಟೆಮಾಲಾ 1980ರ ದಶಕದಲ್ಲಿ ಜಗತ್ತಿನ ಮಾರುಕಟ್ಟೆಯನ್ನು ಹಿಡಿದದ್ದು, ಎಲ್ಲವೂ ಸೇರಿ ಮಲೆನಾಡಿನ ಬೆಳೆಗಾರನನ್ನು ಹಣಿದವು. ಕಥೆಯಲ್ಲಿ ಒಂದು ಸುಳಿವು ಒಬ್ಬ ಅಪರಾಧಿಯನ್ನು ತೋರಿಸುತ್ತದೆ. ಇತಿಹಾಸದಲ್ಲಿ ಹಾಗಲ್ಲ, ಹತ್ತು ಸಣ್ಣ ಕಾರಣಗಳು ಸೇರಿ ಒಂದು ದೊಡ್ಡ ಪರಿಣಾಮವಾಗುತ್ತದೆ. ಓದುಗನಿಗೆ ಇದು ನಿರಾಸೆಯ ಉತ್ತರ, ಆದರೆ ಬೆಳೆಗಾರನಿಗೆ ಉಪಯೋಗಕ್ಕೆ ಬರುವುದು ಇದೇ.

ನಕ್ಷತ್ರದ ಕೋಟೆ

ಅದೇ ದೋಣಿಗಾಲ್ ಬಳಿ, ಹೆದ್ದಾರಿಯ ಪಕ್ಕದ ಗುಡ್ಡದ ನೆತ್ತಿಯಲ್ಲಿ ಮಂಜರಾಬಾದ್ ಕೋಟೆಯಿದೆ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ಈ ಕೋಟೆ ಸಮುದ್ರಮಟ್ಟದಿಂದ ಸುಮಾರು 988 ಮೀಟರ್ ಎತ್ತರದಲ್ಲಿದೆ. ಮೇಲಿನಿಂದ ನೋಡಿದರೆ ಎಂಟು ಮೂಲೆಗಳ ನಕ್ಷತ್ರ. ಡ್ರೋನ್ ಕ್ಯಾಮೆರಾ ಬಂದ ಮೇಲೆ ಈ ನೋಟ ಎಲ್ಲರಿಗೂ ಪರಿಚಿತ. ಅದರೊಂದಿಗೆ ಊಹೆಗಳೂ ಪರಿಚಿತ: ಇಲ್ಲಿಂದ ಶ್ರೀರಂಗಪಟ್ಟಣಕ್ಕೆ ಸುರಂಗವಿದೆ, ನಕ್ಷತ್ರದ ಆಕಾರದಲ್ಲಿ ಯಾವುದೋ ಸಂಕೇತವಿದೆ ಎಂದು.

ಶ್ರೀರಂಗಪಟ್ಟಣ ಇಲ್ಲಿಂದ ನೇರ ದಾರಿಯಲ್ಲಿಯೇ ನೂರು ಕಿಲೋಮೀಟರಿಗೂ ದೂರ. ನಡುವೆ ಹೇಮಾವತಿಯೂ ಸೇರಿದಂತೆ ಹೊಳೆ ಹಳ್ಳಗಳು, ಗಟ್ಟಿ ಬಂಡೆಯ ನೆಲ. ಹದಿನೆಂಟನೆಯ ಶತಮಾನದ ಗುದ್ದಲಿ, ಹಾರೆ, ಮದ್ದುಗಳಿಂದ ಅಂಥ ಸುರಂಗ ಕೊರೆಯುವುದು, ಅದಕ್ಕೆ ಗಾಳಿ ಬೆಳಕು ಒದಗಿಸುವುದು ಸಾಧ್ಯವಿರಲಿಲ್ಲ. ಇದೇ ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಘಟ್ಟ ಇಳಿಯುವ ರೈಲು ಮಾರ್ಗದ ಸುರಂಗಗಳನ್ನು ಇಪ್ಪತ್ತನೆಯ ಶತಮಾನದ ಯಂತ್ರಗಳಿಂದ ಕೊರೆಯುವುದಕ್ಕೇ ಎಷ್ಟೊಂದು ಶ್ರಮ ಬೇಕಾಯಿತು ಎಂಬುದನ್ನು ನೆನೆದರೆ ಸಾಕು.

ನಕ್ಷತ್ರದ ಆಕಾರಕ್ಕೂ ನೇರವಾದ ವಿವರಣೆಯಿದೆ. ಫಿರಂಗಿ ಬಂದ ಮೇಲೆ ಎತ್ತರದ ಗೋಡೆಗಳಿಗೆ ಬೆಲೆ ಹೋಯಿತು. ಗೋಡೆ ನೇರವಾಗಿದ್ದರೆ ಅದರ ಬುಡಕ್ಕೆ ಬಂದ ಶತ್ರು ಮೇಲಿನವರ ಗುಂಡಿಗೆ ಸಿಗುವುದಿಲ್ಲ. ಗೋಡೆಯನ್ನು ಮೂಲೆಮೂಲೆಯಾಗಿ ಹೊರಚಾಚಿದರೆ ಒಂದು ಮೂಲೆಯಲ್ಲಿ ನಿಂತವನು ಪಕ್ಕದ ಮೂಲೆಯ ಬುಡಕ್ಕೆ ಗುಂಡು ಹಾರಿಸಬಹುದು. ಇಟಲಿಯಲ್ಲಿ ಹುಟ್ಟಿದ ಈ ವಿನ್ಯಾಸವನ್ನು ಪಳಗಿಸಿದವನು ಫ್ರಾನ್ಸಿನ ಸೇನಾ ಎಂಜಿನಿಯರ್ ವೋಬಾನ್. 1633ರಿಂದ 1707ರವರೆಗೆ ಬದುಕಿದ್ದ ಆತನ ಮಾದರಿ ಫ್ರೆಂಚರ ಸಂಪರ್ಕದಿಂದ ಮೈಸೂರಿಗೂ ಬಂತು. ಕರಾವಳಿಯಿಂದ ಘಟ್ಟ ಹತ್ತಿ ಬರುವ ದಾರಿಯನ್ನು ಕಾಯುವುದು ಕೋಟೆಯ ಉದ್ದೇಶ. ಅದರ ಮೂಲೆಯಲ್ಲಿ ನಿಂತು ಇಂದಿನ ಹೆದ್ದಾರಿಯ ಕಡೆ ನೋಡಿದವರಿಗೆ ಆ ಉದ್ದೇಶ ಯಾರೂ ಹೇಳದೆಯೇ ತಿಳಿಯುತ್ತದೆ.

ಸುರಂಗದ ಕಥೆ ಹೇಳುವುದರಿಂದ ಕೋಟೆಗೆ ಹಾನಿಯೇನೂ ಇಲ್ಲ. ಮಕ್ಕಳು ಅದನ್ನು ಕೇಳಿ ಕೋಟೆ ಹತ್ತುವ ಉತ್ಸಾಹ ತೋರಿದರೆ ಒಳ್ಳೆಯದೇ. ಹಾನಿ ಶುರುವಾಗುವುದು ಊಹೆಯ ಕೈಗೆ ಹಾರೆ ಸಿಕ್ಕಾಗ.

ಕಲ್ಲಿನ ಮೇಲೆ ಸೂರ್ಯಚಂದ್ರ

ಆಲೂರು ತಾಲ್ಲೂಕು ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಸೆರಗು. ಗುಡ್ಡ ಇಳಿದು ಗದ್ದೆ ಕಾಣುವ ಈ ಸೀಮೆಯಲ್ಲಿ, ಜಿಲ್ಲೆಯ ಉಳಿದೆಡೆಗಳಲ್ಲಿರುವಂತೆ, ಊರ ಬಾಗಿಲಲ್ಲಿ, ಕೆರೆ ಏರಿಯ ಮೇಲೆ, ಹಾಳು ಗುಡಿಯ ಪಕ್ಕದಲ್ಲಿ ವೀರಗಲ್ಲುಗಳು, ಮಾಸ್ತಿಗಲ್ಲುಗಳು, ದಾನಶಾಸನಗಳು ಸಿಗುತ್ತವೆ. ಅವುಗಳ ತುದಿಯಲ್ಲಿ ಬಹುಮಟ್ಟಿಗೆ ಸೂರ್ಯ, ಚಂದ್ರರ ಚಿತ್ರವಿರುತ್ತದೆ. ಕೆಲವು ಶಾಸನಗಳ ಮೇಲೆ ಹಸು ಮತ್ತು ಕರು, ನಡುವೆ ಲಿಂಗ. ನಿಧಿಯ ಹುಚ್ಚು ಹತ್ತಿದವರ ಕಣ್ಣಿಗೆ ಇವೆಲ್ಲ ಗುಪ್ತ ಗುರುತುಗಳು. ಸೂರ್ಯ ಯಾವ ಕಡೆಗಿದ್ದಾನೆ, ಹಸು ಎತ್ತ ನೋಡುತ್ತಿದೆ ಎಂದು ಲೆಕ್ಕ ಹಾಕಿ ಕಲ್ಲಿನ ಬುಡ ಅಗೆಯುವುದು, ಕಲ್ಲನ್ನೇ ಸೀಳುವುದು ಕರ್ನಾಟಕದ ಅನೇಕ ಕಡೆ ನಡೆದಿದೆ. ಗರ್ಭಗುಡಿಯ ನೆಲ ಕಿತ್ತವರಿದ್ದಾರೆ, ಮೂರ್ತಿಯನ್ನು ಬುಡಮೇಲು ಮಾಡಿದವರಿದ್ದಾರೆ.

ಸೂರ್ಯಚಂದ್ರರ ಅರ್ಥ ಶಾಸನಗಳಲ್ಲಿಯೇ ಬಿಡಿಸಿ ಬರೆದಿದೆ. ಕೊಟ್ಟ ದಾನ, ಸತ್ತ ವೀರನ ಕೀರ್ತಿ ‘ಆಚಂದ್ರಾರ್ಕ’, ಅಂದರೆ ಸೂರ್ಯಚಂದ್ರರು ಇರುವಷ್ಟು ಕಾಲ ಉಳಿಯಲಿ ಎಂಬುದು ಅದರ ಆಶಯ. ಅಕ್ಷರ ಬಾರದವರಿಗೂ ತಿಳಿಯಲೆಂದೇ ಅದನ್ನು ಚಿತ್ರವಾಗಿ ಕಡೆದರು. ಯಾರಿಂದಲೂ ಮುಚ್ಚಿಡಲು ಬರೆದದ್ದಲ್ಲ, ಎಲ್ಲರಿಗೂ ಸಾರಲು ಬರೆದದ್ದು. ಅದನ್ನೇ ಗುಟ್ಟೆಂದು ತಿಳಿದು ಒಡೆಯುತ್ತಿರುವುದು ವಿಪರ್ಯಾಸ.

ಈ ಕಲ್ಲುಗಳನ್ನು ಬೇರೆ ಕಣ್ಣಿನಿಂದ ಹುಡುಕಿದವರೂ ಇದ್ದರು. ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಬಿ.ಎಲ್. ರೈಸ್ ಮತ್ತು ಅವರ ಸಹಾಯಕರು ಊರೂರು ಸುತ್ತಿ, ಶಾಸನಗಳ ಪಡಿಯಚ್ಚು ತೆಗೆದು, ಓದಿ, ಹಾಸನ ಜಿಲ್ಲೆಯ ಶಾಸನಗಳನ್ನು 1902ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟವಾಗಿ ಪ್ರಕಟಿಸಿದರು. ಹೊಯ್ಸಳರ ಬಗ್ಗೆ ಇಂದು ತಿಳಿದಿರುವುದರಲ್ಲಿ ಬಹುಪಾಲು ಇಂಥ ಸಂಪುಟಗಳಿಂದಲೇ ಬಂದದ್ದು. ಅವರೂ ಸುಳಿವು ಹುಡುಕುತ್ತಿದ್ದವರೇ. ಆದರೆ ತಮ್ಮ ಊಹೆಯನ್ನು ಪಕ್ಕದ ಊರಿನ ಇನ್ನೊಂದು ಕಲ್ಲಿನೊಂದಿಗೆ ಹೋಲಿಸಿ ನೋಡುತ್ತಿದ್ದರು. ತಪ್ಪೆಂದು ಕಂಡರೆ ಬಿಡುತ್ತಿದ್ದರು. ನಿಧಿ ಹುಡುಕುವವನು ಬಿಡುವುದಿಲ್ಲ; ಏನೂ ಸಿಗದಿದ್ದರೆ ಇನ್ನೂ ಆಳಕ್ಕೆ ಅಗೆಯಬೇಕಿತ್ತು ಎಂದುಕೊಳ್ಳುತ್ತಾನೆ.

ಭೂಮಿಯಲ್ಲಿ ಸಿಕ್ಕ ನಿಧಿಯ ವಿಷಯವನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು ಬ್ರಿಟಿಷ್ ಭಾರತದಲ್ಲಿ 1878ರಲ್ಲಿಯೇ ಬಂತು. ಆದರೆ ಬಯಲಿನಲ್ಲಿ ಒಂಟಿಯಾಗಿ ನಿಂತ ಪ್ರತಿಯೊಂದು ಕಲ್ಲಿಗೂ ಕಾವಲು ಹಾಕುವುದು ಯಾವ ಸರ್ಕಾರಕ್ಕೂ ಆಗದ ಕೆಲಸ. ಅದನ್ನು ಓದಬಲ್ಲ ಊರಿನವರೇ ಅದರ ಕಾವಲು.

ಓದುವುದು ಕಷ್ಟವೂ ಅಲ್ಲ. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಅಂತಸ್ತುಗಳಿರುತ್ತವೆ. ಕೆಳಗಿನದರಲ್ಲಿ ಕಾಳಗ. ತುರು ಕದ್ದವರ ಮೇಲೆ ಬಿದ್ದದ್ದೋ, ಊರು ಉಳಿಸಲು ಹೋರಾಡಿದ್ದೋ ಅಲ್ಲಿ ಕಾಣುತ್ತದೆ. ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವ ದೃಶ್ಯ. ಮೇಲೆ ಆತ ತನ್ನ ದೇವರ ಸನ್ನಿಧಿಯಲ್ಲಿ ಕುಳಿತಿರುತ್ತಾನೆ. ಅದರ ಮೇಲೆ ಸೂರ್ಯ, ಚಂದ್ರ. ಪಟ್ಟಿಕೆಗಳ ನಡುವೆ ಅಕ್ಷರವಿದ್ದರೆ ಆತನ ಹೆಸರು, ಊರು, ಕಾಲ. ಅನೇಕ ವೇಳೆ ಆ ಮನುಷ್ಯ ಬದುಕಿದ್ದನೆಂಬುದಕ್ಕೆ ಜಗತ್ತಿನಲ್ಲಿ ಉಳಿದಿರುವ ಒಂದೇ ಒಂದು ಸಾಕ್ಷಿ ಆ ಕಲ್ಲು.

ಧಾರಾವಾಹಿಯ ಕಾಫಿ ಲೋಟವನ್ನು ಎರಡು ದಿನದಲ್ಲಿ ಅಳಿಸಿ ದೃಶ್ಯವನ್ನು ಸರಿಮಾಡಿದರು. ಸೀಳಿದ ಕಲ್ಲಿನ ಮೇಲಿನ ಹೆಸರನ್ನು ಮತ್ತೆ ಬರೆಯಲು ಯಾರಿಂದಲೂ ಆಗದು.